ಕತ್ತರಿಯ ಪಾಲು

ಉಮಾಪತಿ ನನ್ನ ಅಂಗಡಿಯ ಮೆಟ್ಟಿಲ ಮೇಲೆ ಚಪ್ಪಲಿ ಬಿಟ್ಟು ಒಳಗೆ ಬಂದಾಗಲೇ ನನಗೆ ಅನುಮಾನ ಬಂತು. ಹೆಂಡತಿಯ ರವಿಕೆ ಇಸಕೊಂಡು ಹೋಗುವುದಕ್ಕೂ ಒಂದು ದಿನ ಬಂದ ಆಸಾಮಿಯಲ್ಲ ಅವನು. ಊರಿನ ಕಸುಬುದಾರರ ಮಂಡಳಿಗೆ ಕಾರ್ಯದರ್ಶಿಯಾದ ಮೇಲಂತೂ ಬೀದಿಯಲ್ಲಿ ಎದುರಾದರೆ ಮುಖ ಮೇಲೆತ್ತಿಕೊಂಡೇ ನಡೆಯುತ್ತಿದ್ದ. ಅಂಥವನು ಚಪ್ಪಲಿ ಬಿಟ್ಟು ಬರುತ್ತಾನೆ ಅಂದರೆ ಏನನ್ನೋ ಎತ್ತಿಕೊಂಡು ಹೋಗುವುದಕ್ಕೇ ಬಂದಿದ್ದಾನೆ. ನನ್ನ ಬುದ್ಧಿಯೇ ಹಾಗೆ. ಯಾರಾದರೂ ನನ್ನನ್ನು ನೋಡಿ ನಕ್ಕರೆ ಯಾಕೆ ನಕ್ಕರು ಎಂದು ಎರಡು ದಿನ ಯೋಚಿಸುತ್ತೇನೆ. ಯೋಚಿಸಿ ಕೆಟ್ಟದ್ದು ಕಡಿಮೆ.

ಅವನು ಬಂದಾಗ ಕತ್ತರಿ ಮೇಜಿನ ಮೇಲೆ ತನ್ನ ಪಾಡಿಗೆ ತಾನು ಯಾರದೋ ಲಂಗದ ಬಟ್ಟೆ ಕತ್ತರಿಸುತ್ತಿತ್ತು. ನಾನು ಮೇಜಿನ ಎಡಕ್ಕೆ ಕೂತು ಹುಕ್ಕು ಹಾಕುತ್ತಿದ್ದೆ. ಉಮಾಪತಿ ಕೈಕಟ್ಟಿಕೊಂಡು, ಗರ್ಭಗುಡಿಯ ಮುಂದೆ ನಿಂತವನ ಹಾಗೆ ಕತ್ತರಿಯನ್ನು ನೋಡಿದ. “ಚೆನ್ನಾಗಿ ಪಳಗಿದೆ ಅಚ್ಚಮ್ಮನೋರೇ, ಗೆರೆ ಎಳೆದಂಗೆ ಹೋಗ್ತಿದೆ,” ಅಂದ. “ನಿಮ್ಮ ಕಣ್ಣು ಬೀಳೋದು ಬೇಡ,” ಅಂದೆ. ಅವನು ನಕ್ಕ. ಯಾಕೆ ನಕ್ಕನೋ.

ನಮ್ಮೂರಿನಲ್ಲಿ ಯಾವ ಹತ್ಯಾರವೇ ಆಗಲಿ, ಹನ್ನೆರಡು ವರ್ಷ ಒಂದೇ ಕೈಯಲ್ಲಿ ದುಡಿದರೆ ಕೆಲಸ ಕಲಿತುಬಿಡುತ್ತದೆ. ಆಮೇಲೆ ಅದಕ್ಕೆ ಕೈ ಬೇಡ. ಬಟ್ಟೆ ಹಾಸಿದರೆ ಕತ್ತರಿ ಏಳುತ್ತದೆ, ಗಲ್ಲ ಒಡ್ಡಿದರೆ ಕ್ಷೌರದ ಕತ್ತಿ ಏಳುತ್ತದೆ. ಹಿಂದಿನವರು ಇದಕ್ಕೆ ಒಂದು ಕಟ್ಟು ಮಾಡಿದ್ದರು. ಪ್ರತಿ ಅಮಾವಾಸ್ಯೆ ಒಂದೇ ಕಸುಬಿನ ಇಬ್ಬರು ತಮ್ಮ ತಮ್ಮ ಹತ್ಯಾರವನ್ನು ಅದಲುಬದಲು ಮಾಡಿಕೊಂಡು, ಆ ಒಂದು ದಿನ ಇನ್ನೊಬ್ಬರದರಲ್ಲಿ ಕೆಲಸ ಮಾಡಬೇಕು. ಅದಕ್ಕೆ ಕೈಬದಲು ಎಂದು ಹೆಸರು. ತಿಂಗಳಿಗೊಮ್ಮೆ ಬೇರೆ ಕೈ ಬಿದ್ದರೆ ಹತ್ಯಾರಕ್ಕೆ ಗಲಿಬಿಲಿಯಾಗಿ ಅಲ್ಲಿಯ ತನಕ ಕಲಿತದ್ದು ಮರೆತುಹೋಗುತ್ತಿತ್ತು. ಹದಿಮೂರು ವರ್ಷದ ಹಿಂದೆ ಇದೇ ಉಮಾಪತಿ ಮಂಡಳಿಯ ಸಭೆಯಲ್ಲಿ ಎದ್ದು ನಿಂತು, ಕೈಬದಲಿನ ದಿನ ಎಲ್ಲರ ಕೆಲಸವೂ ಹಾಳು, ಇಂಥ ಹಳೇ ಕಟ್ಟು ಇನ್ನೂ ಯಾಕೆ ಎಂದು ಕೇಳಿದ. ಎಲ್ಲರೂ ಚಪ್ಪಾಳೆ ತಟ್ಟಿದರು. ಪರರ ಹತ್ಯಾರ ಹಿಡಿಯುವ ಕಿರಿಕಿರಿ ಯಾರಿಗೆ ಬೇಕಿತ್ತು? ನಾನೂ ತಟ್ಟಿದೆ. ಅವನು ಹನ್ನೆರಡು ವರ್ಷ ಮುಂದಕ್ಕೆ ನೋಡುತ್ತಿದ್ದಾನೆ ಎಂದು ಆವತ್ತು ನನಗೂ ಹೊಳೆಯಲಿಲ್ಲ. ಅದೊಂದು ಸಲ ಅನುಮಾನ ಪಡದೆ ಕೆಟ್ಟೆ.

ಹೋದ ವರ್ಷದಿಂದ ಒಂದೊಂದೇ ಹತ್ಯಾರ ಏಳತೊಡಗಿತು. ಮೊದಲು ಎದ್ದದ್ದು ಮುನಿವೆಂಕಟನ ಕ್ಷೌರದ ಕತ್ತಿ. ಮೊದಲ ವಾರ ಗಿರಾಕಿಗಳು ಕುತ್ತಿಗೆ ಒಡ್ಡಿ ಕೂತು, ಕಣ್ಣು ಮಿಟುಕಿಸದೆ, ಉಗುಳು ನುಂಗದೆ, ಪಕ್ಕದಲ್ಲಿ ನಿಂತ ಮುನಿವೆಂಕಟನ ಪಂಚೆಯ ಚುಂಗನ್ನು ಹಿಡಿದುಕೊಂಡಿರುತ್ತಿದ್ದರು. ಎರಡನೇ ತಿಂಗಳಿಗೆ ಮುನಿವೆಂಕಟ ಬಾಗಿಲಲ್ಲಿ ಪೇಪರ್ ಓದುತ್ತಿದ್ದ, ಗಿರಾಕಿಗಳು ಒಳಗೆ ಗೊರಕೆ ಹೊಡೆಯುತ್ತಿದ್ದರು. ನಮ್ಮ ಜನ ಎಷ್ಟು ಬೇಗ ಕುತ್ತಿಗೆ ಒಪ್ಪಿಸಿಬಿಡುತ್ತಾರೆ ಎಂದು ಆಗ ಕಂಡುಕೊಂಡೆ.

“ಸಂತೇಮಾಳದ ಹಿಂದೆ ಶೆಡ್ಡು ಎದ್ದಿದೆ, ನೋಡಿದೀರಲ್ಲ,” ಅಂದ ಉಮಾಪತಿ. “ಹತ್ಯಾರದ ಮನೆ ಅದು. ಕಸುಬಿಗೊಂದು ಹತ್ಯಾರ. ಊರಿನ ಅಷ್ಟೂ ಕೆಲಸ ಅಲ್ಲೇ ಆಗುತ್ತೆ. ಕೊಟ್ಟೋರಿಗೆ ಸಾಯೋ ತನಕ ಕೂತಲ್ಲಿಗೇ ರೇಷನ್ನು. ಹೊಲಿಗೆಗೆ ನಿಮ್ಮ ಕತ್ತರೀನೇ ಅಂತ ತೀರ್ಮಾನ ಆಗಿದೆ.”

“ಭೀಮೋಜಿದು ತಗೊಳ್ಳಿ. ನನಗಿಂತ ಚೆನ್ನಾಗಿ ಕತ್ತರಿಸ್ತಾನೆ.” ಎದುರು ಬೀದಿಯ ಟೈಲರ್ ಭೀಮೋಜಿಯ ಹೊಗಳಿಕೆ ನನ್ನ ಬಾಯಲ್ಲಿ ಬಂದದ್ದು ಅದೇ ಮೊದಲು.

“ಅವನ ಹತ್ರ ಹೋಗೇ ಬಂದೆ. ನಿಮಗಿಂತ ಚೆನ್ನಾಗಿ ಕತ್ತರಿಸೋರು ಈ ಊರಲ್ಲೇ ಇಲ್ಲ ಅಂದ.”

ಇಪ್ಪತ್ತೆರಡು ವರ್ಷದಿಂದ ನಾನು ಹೊಲಿದ ರವಿಕೆಗಳನ್ನು ಗೋಣಿಚೀಲ ಎಂದು ಕರೆಯುತ್ತ ಬಂದ ಗಂಡಸು ಹೀಗೆ ಅಂದಿದ್ದಾನೆ ಎಂದರೆ ನಂಬುವುದು ಹೇಗೆ? “ನಾನು ಕೊಡಲ್ಲ ಅಂದ್ರೆ?” ಎಂದು ಕೇಳಿದೆ. “ಯಾಕೆ ಕೊಡಲ್ಲ ಅಂತ ಊರು ಕೇಳುತ್ತೆ, ಅಷ್ಟೇ,” ಎಂದು ಉಮಾಪತಿ ಮೆತ್ತಗೆ ಹೇಳಿದ. ಹೇಳುವಾಗ ಅವನ ಕಣ್ಣು ಒಂದು ಗಳಿಗೆ ನನ್ನ ಮಡಿಲ ಮೇಲೆ ಇಳಿದು ಮತ್ತೆ ಮೇಲೆ ಬಂತು. “ಬರೋ ಹುಣ್ಣಿಮೆ ಬೆಳಿಗ್ಗೆ ಎಲ್ಲರ ಮುಂದೆ ಒಂದು ಪರೀಕ್ಷೆ. ಅಲ್ಲೀ ತನಕ ಕತ್ತರಿಗೆ ಎಣ್ಣೆ ಹಚ್ಚಿಡಿ.”

ನಾನು ಯಾಕೆ ಹಿಂದೆಮುಂದೆ ನೋಡಿದೆ ಎನ್ನುವುದನ್ನು ಈಗಲೇ ಹೇಳಿಬಿಡುತ್ತೇನೆ, ಮುಚ್ಚಿಡುವುದಕ್ಕೆ ಇನ್ನೇನೂ ಉಳಿದಿಲ್ಲ. ನಾನು ಹೊಲಿಗೆ ಕಲಿತದ್ದು ಭೀಮೋಜಿಯ ಅಪ್ಪ ಮಾನೋಜಿರಾಯರ ಹತ್ತಿರ. ಹನ್ನೊಂದನೇ ವಯಸ್ಸಿನಲ್ಲಿ ಕಾಜಾ ಹಾಕುವುದಕ್ಕೆ ಸೇರಿದವಳು, ಹದಿನೆಂಟಕ್ಕೆ ಕತ್ತರಿ ಹಿಡಿದೆ. ಹಿಡಿದ ದಿನ ರಾಯರು ಹೇಳಿಕೊಟ್ಟ ಮೊದಲ ಪಾಠ, ಯಾರ ಬಟ್ಟೆಯೇ ಬರಲಿ, ಅದರಲ್ಲಿ ನಾಲ್ಕು ಬೆರಳು ಕತ್ತರಿಯ ಪಾಲು. “ಇದು ಕಳ್ಳತನ ಅಲ್ಲಮ್ಮ, ಪದ್ಧತಿ,” ಅನ್ನುತ್ತಿದ್ದರು. ಪದ್ಧತಿ ಅಂದ ಮೇಲೆ ಅನುಮಾನ ಪಡುವುದೇನು ಬಂತು? ಎಲ್ಲ ತುಂಡು ಕತ್ತರಿಸಿ ಆದ ಮೇಲೆ ಅಂಚಿನಲ್ಲಿ ನಾಲ್ಕು ಬೆರಳಗಲದ ಪಟ್ಟಿ ತೆಗೆದು ಎಡಗಡೆಗೆ, ಮಡಿಲಿಗೆ, ತಳ್ಳಿಕೊಳ್ಳುತ್ತಿದ್ದೆ. ಎದುರಿಗೆ ನಿಂತವರಿಗೆ ಮೇಜು ಅಡ್ಡ. ಸಂಜೆ ಆ ಪಟ್ಟಿಗಳೆಲ್ಲ ಮನೆಯ ಟ್ರಂಕಿಗೆ ಹೋಗುತ್ತಿದ್ದವು. ತಮಾಷೆಯೆಂದರೆ ಅವುಗಳಿಂದ ನಾನು ಒಂದು ಕೈಚೀಲವನ್ನೂ ಹೊಲಿದುಕೊಂಡವಳಲ್ಲ. ಹೊಲಿದರೆ ಬಟ್ಟೆಯವರು ಗುರುತು ಹಿಡಿದುಬಿಡುತ್ತಾರೆ ಎಂದು ಭಯ. ಸುಮ್ಮನೆ ತುಂಬುತ್ತಲೇ ಹೋಯಿತು ಟ್ರಂಕು.

ಕತ್ತರಿ ತಾನಾಗಿಯೇ ಎದ್ದ ಮೊದಲ ದಿನ ನಾನು ಹಿಗ್ಗಿ ಹೀರೇಕಾಯಿಯಾಗಿದ್ದೆ. ಬೆನ್ನು ಕತ್ತರಿಸಿತು, ಎದೆ ಕತ್ತರಿಸಿತು, ಕಂಕುಳಿನ ತಿರುವಿನಲ್ಲಿ ನನ್ನ ಹಾಗೆಯೇ ಒಂದು ಕ್ಷಣ ನಿಂತು ಯೋಚಿಸಿತು. ಆಮೇಲೆ ಅಂಚಿಗೆ ಹೋಗಿ, ನಾಲ್ಕು ಬೆರಳಿನ ಪಟ್ಟಿ ತೆಗೆದು, ತುದಿಯಿಂದ ಅದನ್ನು ಮೆಲ್ಲಗೆ ನನ್ನ ಮಡಿಲಿಗೆ ತಳ್ಳಿತು. ನನಗೆ ಮೈಯೆಲ್ಲ ಬೆವತುಹೋಯಿತು. ನನ್ನ ಅಂಗಡಿಯಲ್ಲಿ ಅದು ಹಾಗೆ ಮಾಡಿದರೆ ಯಾರೂ ನೋಡುವುದಿಲ್ಲ, ಮಡಿಲೊಡ್ಡಿ ನಾನಿದ್ದೇನೆ. ಹತ್ಯಾರದ ಮನೆಯಲ್ಲಿ ಮಡಿಲು ಯಾರದಿರುತ್ತದೆ? ಹುಣ್ಣಿಮೆಯ ದಿನ ಊರಿಗೆ ಊರೇ ನೋಡುತ್ತಿರುವಾಗ ಅದು ಪಟ್ಟಿ ತೆಗೆದರೆ, ಮೂವತ್ತು ವರ್ಷ ಟೈಲರಮ್ಮ ಎಂದು ಕರೆಸಿಕೊಂಡ ನಾನು ಬಟ್ಟೆಗಳ್ಳಿ ಎಂದು ಕರೆಸಿಕೊಂಡು ಬದುಕಬೇಕು.

ಅವತ್ತು ಸಂಜೆ ಬಜ್ಜಿ ತಿನ್ನುವ ನೆಪದಲ್ಲಿ ಕೆಂಪಮ್ಮನ ಗಾಡಿಯ ಹತ್ತಿರ ಹೋದೆ. ಊರಿನ ಮಾತೆಲ್ಲ ಮೊದಲು ಬೇಯುವುದು ಅವಳ ಬಾಣಲೆಯಲ್ಲಿ. ಕೆಂಪಮ್ಮ ಸ್ಟೂಲಿನ ಮೇಲೆ ಕೂತು ಈರುಳ್ಳಿ ಹೆಚ್ಚುತ್ತಿದ್ದಳು, ಅವಳ ಜಾಲರಿ ತಾನೇ ಬಜ್ಜಿಗಳನ್ನು ತಿರುವಿ ಹಾಕುತ್ತಿತ್ತು. ಎಣ್ಣೆಗೆ ಇಳಿಯುವ ಮುಂಚೆ ಪ್ರತಿ ಸಲವೂ ಆ ಜಾಲರಿ ಒಮ್ಮೆ ಬೆಚ್ಚಿ ಹಿಂದೆ ಸರಿಯುತ್ತದೆ. ಇಪ್ಪತ್ತು ವರ್ಷದ ಹಿಂದೆ ಕಾದ ಎಣ್ಣೆ ಹಾರಿ ಕೆಂಪಮ್ಮನ ಬಲತೋಳು ಸುಟ್ಟಿತ್ತು, ಅಲ್ಲಿಂದ ಅವಳ ಕೈ ಹಾಗೆ ಬೆಚ್ಚುತ್ತಿತ್ತು. ಜಾಲರಿ ಅದನ್ನೂ ಕಲಿತಿದೆ. ಗಿರಾಕಿಗಳಿಗೆ ಅದೊಂದು ನಗೆ.

ಮುನಿವೆಂಕಟ ಬಜ್ಜಿ ಊದಿಕೊಂಡು ತಿನ್ನುತ್ತ, “ಇನ್ನ ನಮ್ಮ ಕಾಲ ಮುಗೀತು. ಇನ್ಮೇಲೆ ಹತ್ಯಾರ ಹೇಳ್ದಂಗೆ ಕೆಲಸ, ಕೆಲಸ ಹೇಳ್ದಂಗೆ ನಾವು,” ಅಂದ. “ಹತ್ಯಾರಕ್ಕೆ ಹೇಳ್ಕೊಟ್ಟೋರು ಯಾರಯ್ಯ? ನಾವೇ ತಾನೆ? ನಾವು ನೆಟ್ಟಗಿದ್ರೆ ಅದೂ ನೆಟ್ಟಗಿರುತ್ತೆ,” ಅಂದಳು ಕೆಂಪಮ್ಮ. ಮುನಿವೆಂಕಟ ಕೈ ಒರೆಸಿಕೊಂಡ. ನಾನೂ ಬಜ್ಜಿಯ ಕಡೆ ನೋಡಿದೆ.

ಕೆಂಪಮ್ಮ ನನ್ನ ಕಡೆ ತಿರುಗಿ ದನಿ ತಗ್ಗಿಸಿದಳು. “ಅಚ್ಚಕ್ಕ, ಮಗಳ ಮದುವೆಗೆ ಸೀರೆ ತಂದಿದೀನಿ. ಈ ಸಲನಾದ್ರೂ ತೋಳು ಮೊಣಕೈ ತನಕ ಬರುತ್ತಾ?” ಪ್ರತಿ ಸಲವೂ ಇದೇ ಕೇಳುತ್ತಾಳೆ. ಪ್ರತಿ ಸಲವೂ ನಾನು ಬಟ್ಟೆ ಸಾಲದು ಕೆಂಪಮ್ಮ ಅನ್ನುತ್ತೇನೆ. ಅವಳು ಸೆರಗನ್ನು ಸುಟ್ಟ ತೋಳಿನ ಮೇಲೆ ಎಳೆದುಕೊಂಡು, ಹೋಗ್ಲಿ ಬಿಡು ಅನ್ನುತ್ತಾಳೆ. ಅವಳ ಅಳತೆಗೆ ಬಟ್ಟೆ ಸಾಲದೆಂದು ನಾನೂ ನಂಬಿಬಿಟ್ಟಿದ್ದೆ. ನಾಲ್ಕು ಬೆರಳನ್ನು ನಾನು ಲೆಕ್ಕಕ್ಕೇ ಹಿಡಿಯುತ್ತಿರಲಿಲ್ಲ, ಅದು ಮೊದಲಿನಿಂದಲೂ ಕತ್ತರಿಯದು. “ನೋಡೋಣ,” ಅಂದೆ ಅವತ್ತು.

ನಾಲ್ಕು ದಿನಕ್ಕೆ ಅಮಾವಾಸ್ಯೆ ಬಂತು. ಬೆಳಿಗ್ಗೆಯೇ ಕತ್ತರಿಯನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಭೀಮೋಜಿಯ ಅಂಗಡಿಗೆ ಹೋದೆ. ಹದಿಮೂರು ವರ್ಷದಿಂದ ಅವನ ಹೊಸ್ತಿಲು ತುಳಿದಿರಲಿಲ್ಲ. “ಕೈಬದಲು ಮಾಡೋಣ ಭೀಮೋಜಿ,” ಅಂದೆ. ಅವನು ಕನ್ನಡಕದ ಮೇಲಿಂದ ನೋಡಿದ. “ಈಗ್ಯಾಕೆ ನೆನಪಾಯ್ತು?” “ನಿಮ್ಮಪ್ಪ ನೆನಪಾದ್ರು.” ಅವನು ನಂಬಲಿಲ್ಲ, ನಂಬಿಸುವ ಆಸೆ ನನಗೂ ಇರಲಿಲ್ಲ. ಆದರೆ ಅವನು ಇನ್ನೊಂದು ಪ್ರಶ್ನೆ ಕೇಳದೆ ತನ್ನ ಕತ್ತರಿ ತೆಗೆದು ಕೊಟ್ಟುಬಿಟ್ಟ. ಇಷ್ಟು ಸಲೀಸಾಗಿ ಕೊಟ್ಟದ್ದು ಯಾಕೆ ಎಂದು ದಾರಿಯುದ್ದಕ್ಕೂ ತಲೆ ತಿಂದುಕೊಂಡೆ.

ಉತ್ತರ ಮಧ್ಯಾಹ್ನದೊಳಗೆ ಸಿಕ್ಕಿತು. ಅವನ ಕತ್ತರಿಯನ್ನು ಹಿಡಿದು ಒಂದು ರವಿಕೆ ಕತ್ತರಿಸಿ ಮುಗಿಸುವಾಗ ಅದು ನನ್ನ ಕೈಯನ್ನೇ ಎಳೆದುಕೊಂಡು ಅಂಚಿಗೆ ಹೋಯಿತು. ಪಟ್ಟಿ ತೆಗೆದು ಮಡಿಲಿಗೆ ತಳ್ಳಿತು. ಅಳೆದು ನೋಡಿದೆ, ಐದು ಬೆರಳು. ಒಂದು ಗಳಿಗೆ ನಾನು ಸಾಚಾ ಹೆಂಗಸು ಅನ್ನಿಸಿಬಿಟ್ಟಿತು. ಅವನೂ ನನ್ನ ಹಾಗೇ ತನ್ನ ಕತ್ತರಿಯಿಂದ ಆ ಪಾಠ ಅಳಿಸುವುದಕ್ಕೆ ದಾರಿ ಹುಡುಕುತ್ತಿದ್ದ, ಅದಕ್ಕೇ ಅಷ್ಟು ಸಲೀಸು. ಸಂಜೆ ಕತ್ತರಿಗಳನ್ನು ಮರಳಿ ಬದಲಿಸಿಕೊಳ್ಳುವಾಗ, “ಚೆನ್ನಾಗಿದೆ ನಿನ್ನ ಕತ್ತರಿ,” ಅಂದ. “ನಿಂದೂ,” ಅಂದೆ. ಇಬ್ಬರೂ ಮುಖ ನೋಡಿಕೊಳ್ಳಲಿಲ್ಲ.

ಮಾರನೇ ದಿನ ಬಾಗಿಲು ಹಾಕಿಕೊಂಡು ಪರೀಕ್ಷೆ ಮಾಡಿದೆ. ಜವಳಿ ಅಂಗಡಿಯಿಂದ ಒಂದು ಹೊಸ ರವಿಕೆ ಕಣ ತಂದು, ನನ್ನ ಅಳತೆಯ ರವಿಕೆಗೆ ಹಾಸಿದೆ. ಕತ್ತರಿ ಎದ್ದಿತು, ಎಲ್ಲ ತುಂಡು ಕತ್ತರಿಸಿತು, ಸುಮ್ಮನೆ ಮಲಗಿತು. ಪಟ್ಟಿ ಇಲ್ಲ. ಇನ್ನೊಂದು ಕಣ ತಂದು ಹಾಸಿದೆ. ಆಗಲೂ ಇಲ್ಲ. ಹಾಲು ಕುಡಿದಷ್ಟು ಸಂತೋಷವಾಯಿತು. ಕೈಬದಲು ಫಲ ಕೊಟ್ಟಿದೆ, ಹಿಂದಿನವರು ದಡ್ಡರಲ್ಲ ಅಂದುಕೊಂಡೆ. ಗಿರಾಕಿಗಳ ಬಟ್ಟೆಯನ್ನು ಹುಣ್ಣಿಮೆಯ ತನಕ ಅದಕ್ಕೆ ತೋರಿಸಲೇ ಇಲ್ಲ, ಹಳೇ ಚಾಳಿ ಮರುಕಳಿಸೀತು ಎಂದು ಬೇರೆ ಕತ್ತರಿಯಲ್ಲಿ ನಾನೇ ಕತ್ತರಿಸಿದೆ. ಊರಿನ ಎಲ್ಲರ ಮೇಲೂ ಅನುಮಾನ ಪಡುವ ನಾನು ನನ್ನ ಪರೀಕ್ಷೆಯ ಮೇಲೆ ಅನುಮಾನ ಪಡಲಿಲ್ಲ.

ಹುಣ್ಣಿಮೆಯ ಬೆಳಿಗ್ಗೆ ಹತ್ತು ಗಂಟೆಗೆ ಶೆಡ್ಡಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಉದ್ದಕ್ಕೆ ಮೇಜುಗಳು, ಮೇಜಿಗೊಂದು ಹತ್ಯಾರ. ಮುನಿವೆಂಕಟನ ಕತ್ತಿ, ಗಾರೆಯವನ ಕರಣೆ, ಹಾಲಿನವಳು ಹಾಲಳೆಯುವ ಪಾವು, ಕೆಂಪಮ್ಮನ ಜಾಲರಿ. ಯಾವ ಮೇಜಿನ ಪಕ್ಕದಲ್ಲೂ ಒಂದು ಸ್ಟೂಲಿರಲಿಲ್ಲ. ಮನುಷ್ಯರು ಕೂರಬೇಕಾದ ಜಾಗ ಅದಲ್ಲ ಎಂದು ನೋಡಿದರೇ ಗೊತ್ತಾಗುತ್ತಿತ್ತು. ನಾನು ಕತ್ತರಿಯನ್ನು ಮೇಜಿನ ಮೇಲಿಟ್ಟು, ಎಲ್ಲರ ಜೊತೆ ಹಗ್ಗದ ಆಚೆ ಬಂದು ನಿಂತೆ. ಭಯವಿರಲಿಲ್ಲ, ಒಂದಿಷ್ಟು ಜಂಬವೂ ಇತ್ತು.

“ಮೊದಲು ಹೊಲಿಗೆ,” ಅಂದ ಉಮಾಪತಿ. “ಯಾರಾದ್ರೂ ಒಂದು ಬಟ್ಟೆ ಕೊಡಿ.” ಗುಂಪಿನಿಂದ ಕೆಂಪಮ್ಮ ಮುಂದೆ ಬಂದಳು. ಕೈಯಲ್ಲಿ ಗಿಳಿಹಸಿರು ಬಣ್ಣದ, ಕೆಂಪು ಅಂಚಿನ ರವಿಕೆ ಕಣ. “ಮಗಳ ಮದುವೆ ಸೀರೇದು. ಅಚ್ಚಕ್ಕನ ಕತ್ತರಿಗೆ ನನ್ನ ಅಳತೆ ಬಾಯಿಪಾಠ,” ಎಂದು ಎಲ್ಲರಿಗೂ ಹೇಳಿ, ಬಟ್ಟೆ ಹಾಸಿ, ಬಗ್ಗಿ ಕತ್ತರಿಗೆ ಮಾತ್ರ ಕೇಳಿಸುವ ಹಾಗೆ, “ಈ ಸಲ ತೋಳು ಉದ್ದ ಬರ್ಲಿ ಕಣಪ್ಪ,” ಅಂದಳು. ನನಗೂ ಕೇಳಿಸಿತು, ನಾನು ಮುಂದಿನ ಸಾಲಿನಲ್ಲಿದ್ದೆ.

ಕತ್ತರಿ ಎದ್ದಿತು. ಬೆನ್ನು ಕತ್ತರಿಸಿತು, ಎದೆ ಕತ್ತರಿಸಿತು, ಎರಡು ತೋಳು ಕತ್ತರಿಸಿತು. ತೋಳು ಎಂದಿನಂತೆ ಗಿಡ್ಡ. ಜನ ತಲೆದೂಗಿದರು. ನಾನು ಉಸಿರು ಬಿಟ್ಟೆ. ಆಗ ಕತ್ತರಿ ತಿರುಗಿ ಅಂಚಿನ ಕಡೆ ನಡೆಯಿತು. ನನ್ನ ಎರಡು ಕಣದಿಂದ ಅದು ಯಾಕೆ ಪಟ್ಟಿ ತೆಗೆದಿರಲಿಲ್ಲ ಎಂದು ನನಗೆ ಆಗ ತಿಳಿಯಿತು. ನನ್ನ ಸ್ವಂತ ಬಟ್ಟೆಯಲ್ಲಿ ನಾನು ಯಾವತ್ತು ಪಾಲು ತೆಗೆದಿದ್ದೆ? ನನ್ನದು ಯಾವುದು, ಪರರದು ಯಾವುದು ಎನ್ನುವುದನ್ನೂ ಅದು ನನ್ನಿಂದಲೇ ಕಲಿತಿತ್ತು. ಮರೆತದ್ದು ಏನೂ ಇರಲಿಲ್ಲ. ಕೈಬದಲು, ಹತ್ಯಾರ ಕಲಿಯುವ ಮುಂಚೆ ಮಾಡಬೇಕಾದ ಕೆಲಸ, ಕಲಿತ ಮೇಲೆ ಅಲ್ಲ.

ನಾಲ್ಕು ಬೆರಳಗಲದ ಹಸಿರು ಪಟ್ಟಿ ಬಟ್ಟೆಯಿಂದ ಬೇರೆಯಾಯಿತು. ಕತ್ತರಿ ತುದಿಯಿಂದ ಅದನ್ನು ಎಡಕ್ಕೆ ತಳ್ಳಿತು. ಎಡಕ್ಕೆ ಯಾರೂ ಇರಲಿಲ್ಲ. ಪಟ್ಟಿ ಮೇಜಿನ ಅಂಚಿನಿಂದ ಜಾರಿ ಸಿಮೆಂಟಿನ ನೆಲಕ್ಕೆ ಬಿತ್ತು. ಕತ್ತರಿ ಮೇಜಿನ ಕೊನೆಯ ತನಕ ಬಂದು, ಇರಬೇಕಾದ ಮಡಿಲನ್ನು ಹುಡುಕುವ ಹಾಗೆ ತುದಿಯನ್ನು ಗಾಳಿಯಲ್ಲಿ ಒಮ್ಮೆ ಆಡಿಸಿ, ಹಿಂದಕ್ಕೆ ಹೋಗಿ ಮಲಗಿತು. ಕೆಂಪಮ್ಮ ಬಗ್ಗಿ ಪಟ್ಟಿಯನ್ನು ಎತ್ತಿಕೊಂಡಳು. ತಿರುಗಿಸಿ ಮುರುಗಿಸಿ ನೋಡಿದಳು. ಆಮೇಲೆ ಸೆರಗು ಸರಿಸಿ, ತೊಟ್ಟಿದ್ದ ರವಿಕೆಯ ಗಿಡ್ಡ ತೋಳಿನ ಕೆಳಗೆ ಅದನ್ನು ಸುತ್ತಿ ಹಿಡಿದಳು. ಸುಟ್ಟ ಗಾಯದ ಗುರುತು ಒಂದಿಷ್ಟೂ ಹೊರಗೆ ಉಳಿಯದ ಹಾಗೆ ಮುಚ್ಚಿತು.

“ಸಾಲ್ತಿತ್ತಲ್ಲ ಅಚ್ಚಕ್ಕ,” ಅಂದಳು. ಅಷ್ಟೇ. ಬೈದಿದ್ದರೆ ತಿರುಗಿ ಬೈಯುತ್ತಿದ್ದೆ, ಅದು ನನಗೆ ಬರುತ್ತದೆ. ನೆಲ ನೋಡುತ್ತ ನಿಂತೆ, ನಾಚಿಕೆಯಿಂದ ಕಿವಿ ಸುಡುತ್ತಿತ್ತು.

ಊರು ನನ್ನ ಮೇಲೆ ಬೀಳುತ್ತದೆ ಎಂದು ಕಾದೆ. ಬೀಳಲಿಲ್ಲ. ತಲೆ ಎತ್ತಿ ನೋಡಿದರೆ ಒಬ್ಬೊಬ್ಬರೂ ತಮ್ಮ ತಮ್ಮ ಹತ್ಯಾರವನ್ನು ನೋಡುತ್ತಿದ್ದರು. ಹಾಲಿನವಳು ತನ್ನ ಪಾವನ್ನು ನೋಡುತ್ತಿದ್ದಳು, ಗಾರೆಯವನು ಕರಣೆಯನ್ನು. ಭೀಮೋಜಿ ಶೆಡ್ಡಿನ ತಗಡನ್ನು ಎಣಿಸುತ್ತಿದ್ದ. ಅವರೆಲ್ಲರ ತಲೆಯಲ್ಲಿ ಏನು ಓಡುತ್ತಿದೆ ಎಂದು ನನಗೆ ಗೊತ್ತಾಯಿತು. ಇಷ್ಟು ದಿನ ಹತ್ಯಾರದ ಮೇಲೆ ಅನುಮಾನ ಪಟ್ಟವರು, ಈಗ ಅದು ತಮ್ಮ ಬಗ್ಗೆ ಏನು ಹೇಳಿಬಿಡುತ್ತದೋ ಎಂದು ನಡುಗುತ್ತಿದ್ದರು.

ಉಮಾಪತಿ ಒಬ್ಬನಿಗೆ ಮಾತ್ರ ಗಾಬರಿಯಾಗಿರಲಿಲ್ಲ. ಅವನು ಮೂಲೆಯಿಂದ ಒಂದು ಬಿದಿರಿನ ಬುಟ್ಟಿ ತಂದು ಮೇಜಿನ ಎಡಗಡೆ, ನನ್ನ ಮಡಿಲು ಇರಬೇಕಾಗಿದ್ದ ಜಾಗದಲ್ಲಿ ಇಟ್ಟ. “ಹತ್ಯಾರ ಎಲ್ಲಾದ್ರೂ ಕದಿಯುತ್ತೇನ್ರಪ್ಪ? ಅದು ಅದರ ಕ್ರಮ. ಇದು ಮಂಡಳಿ ಪಾಲು ಅಂತ ಇರ್ಲಿ,” ಅಂದ. ಜನ ನಿರಾಳವಾಗಿ ಉಸಿರುಬಿಟ್ಟರು. ಮುನಿವೆಂಕಟನಂತೂ ಹೌದೌದು ಅಂದ. ನಾನು ಬುಟ್ಟಿಯನ್ನು ನೋಡಿದೆ. ಹೊಸ ಬುಟ್ಟಿ, ಅಳತೆ ಕೊಟ್ಟು ಹೆಣೆಸಿದಂತೆ ಮೇಜಿನ ಕಾಲಿನ ನಡುವೆ ಸರಿಯಾಗಿ ಕೂತಿತ್ತು. 'ಇವನಿಗೆ ಮೊದಲೇ ಗೊತ್ತಿತ್ತು. ನನ್ನ ಕತ್ತರಿಯನ್ನು ಆರಿಸಿದ್ದೇ ಅದು ಪಾಲು ತೆಗೆಯುತ್ತದೆ ಎಂದು.' ಈ ಮಾತನ್ನು ಯಾರಿಗೆ ಹೇಳಲಿ? ಹೇಳುವ ಮುಖ ನನಗೆ ಉಳಿದಿರಲಿಲ್ಲ. ಕೆಂಪಮ್ಮ ಕತ್ತರಿಸಿದ ತುಂಡುಗಳನ್ನೂ ಪಟ್ಟಿಯನ್ನೂ ಮಡಿಸಿಕೊಂಡು, ತನ್ನ ಜಾಲರಿಯನ್ನು ಮೇಜಿನಿಂದ ಎತ್ತಿಕೊಂಡು, ಯಾರನ್ನೂ ಕೇಳದೆ ಹೊರಟುಹೋದಳು.

ಹತ್ಯಾರದ ಮನೆ ಸೋಮವಾರ ಶುರುವಾಯಿತು. ಜನ ಬಟ್ಟೆ ಕೊಟ್ಟು, ಚೀಟಿ ಇಸಕೊಂಡು ಹೋಗುತ್ತಿದ್ದರು. ಪ್ರತಿ ಬಟ್ಟೆಯಿಂದಲೂ ನಾಲ್ಕು ಬೆರಳು ಬುಟ್ಟಿಗೆ ಬೀಳುತ್ತಿತ್ತು. ಬಡವರದು, ಉಳ್ಳವರದು ಎಂದು ನೋಡುವುದಿಲ್ಲ ಅದು. ನಾನಾದರೂ ಬಾಣಂತಿಯರ ಬಟ್ಟೆಯಲ್ಲಿ, ಸೂತಕದ ಮನೆಯವರ ಬಟ್ಟೆಯಲ್ಲಿ ಒಮ್ಮೊಮ್ಮೆ ಕೈ ಹಿಂದೆಗೆಯುತ್ತಿದ್ದೆ. ಅಂಥ ದಿನಗಳು ಕಡಿಮೆಯಿದ್ದವೋ ಏನೋ, ಕತ್ತರಿ ಅದನ್ನು ಕಲಿತಿರಲಿಲ್ಲ. ಜನ ಒಬ್ಬರೂ ತಕರಾರು ಮಾಡಲಿಲ್ಲ. ಕೈ ಮಾಡಿದರೆ ಕಳವು, ಹತ್ಯಾರ ಮಾಡಿದರೆ ಕ್ರಮ. ನನ್ನ ಮನೆಗೆ ರೇಷನ್ನಿನ ಅಕ್ಕಿ ಬಂತು. ಮೂಟೆಯ ಬಾಯಿ ಬಿಚ್ಚುವ ಮನಸ್ಸಾಗದೆ ಗೋಡೆಗೆ ಒರಗಿಸಿಟ್ಟೆ. ಒಂದು ಸಂಜೆ ಕೆಂಪಮ್ಮನ ಗಾಡಿಗೆ ಹೋದೆ. ಅವಳೇ ಜಾಲರಿ ಹಿಡಿದು ಕರಿಯುತ್ತಿದ್ದಳು, ಅದನ್ನು ಅದರ ಪಾಡಿಗೆ ಬಿಡುವುದನ್ನು ನಿಲ್ಲಿಸಿದ್ದಳು. ನನ್ನನ್ನು ನೋಡಿ, “ಬಜ್ಜಿ ಮುಗೀತು,” ಅಂದಳು. ಬಾಣಲೆ ತುಂಬ ಬಜ್ಜಿ ತೇಲುತ್ತಿದ್ದವು.

ಎಂಟು ದಿನ ಹೀಗೆ ಕಳೆದೆ. ಒಂಬತ್ತನೇ ದಿನ ಬೆಳಿಗ್ಗೆ ಟ್ರಂಕನ್ನು ಕೈಗಾಡಿಯಲ್ಲಿ ಹಾಕಿಕೊಂಡು, ಅಂಗಡಿಯ ಸ್ಟೂಲನ್ನು ಕಂಕುಳಲ್ಲಿಟ್ಟುಕೊಂಡು ಹತ್ಯಾರದ ಮನೆಗೆ ಹೋದೆ. ಬುಟ್ಟಿಯನ್ನು ಕಾಲಿನಿಂದ ಅತ್ತ ತಳ್ಳಿ, ಆ ಜಾಗದಲ್ಲಿ ಸ್ಟೂಲು ಹಾಕಿ ಕೂತೆ. ಉಮಾಪತಿ ಓಡಿಬಂದ. “ಇಲ್ಲಿ ನಿಮಗೇನೂ ಕೆಲಸ ಇಲ್ಲ ಅಚ್ಚಮ್ಮನೋರೇ. ಮನೇಲಿ ಆರಾಮಾಗಿರಿ.”

“ಕೆಲಸ ಇದೆ,” ಅಂದೆ.

“ಏನ್ ಕೆಲಸ? ಎಲ್ಲಾ ಕತ್ತರೀನೇ ಮಾಡುತ್ತಲ್ಲ.”

“ನನ್ನ ಕೈ ಕದ್ದಿದ್ದನ್ನ ಅದು ಕದೀತಿದೆ. ನಾನು ಹೇಳ್ಕೊಟ್ಟಿದ್ದು, ನಾನೇ ಕಾಯ್ಬೇಕು. ಅದಕ್ಕೆ ಎಲ್ಲಾ ಕಲಿಸ್ದೆ, ನಾಚಿಕೆ ಒಂದು ಕಲಿಸಲಿಲ್ಲ. ಅದು ನನ್ನ ಹತ್ರ ಉಳ್ಕೊಂಡಿದೆ. ಎಬ್ಬಿಸ್ತೀರಾದ್ರೆ ಊರಿನೋರ ಎದುರಿಗೇ ಎಬ್ಬಿಸಿ. ಬುಟ್ಟಿ ಯಾವತ್ತು ಹೆಣೆಸಿದ್ರಿ ಅಂತ ನಾನೂ ಕೇಳ್ತೀನಿ.”

ಅವನ ಮುಖ ಕಪ್ಪಿಟ್ಟಿತು. ಬಟ್ಟೆ ಕೊಡಲು ನಿಂತ ಸಾಲು ಕಿವಿ ನೆಟ್ಟಗೆ ಮಾಡಿಕೊಂಡು ನೋಡುತ್ತಿತ್ತು. ಅವನು ಸಾಲಿನ ಕಡೆ ನೋಡಿ, ನನ್ನ ಕಡೆ ನೋಡಿ, “ಕೂತ್ಕೊಳ್ಳಿ, ಕೂತ್ಕೊಳ್ಳಿ, ಬೇಡ ಅಂದೋರ್ಯಾರು,” ಎಂದು ನಗುತ್ತ ಸರಿದುಹೋದ. ಅವನು ಇಷ್ಟಕ್ಕೆ ಬಿಡುವವನಲ್ಲ, ಆ ನಗುವನ್ನು ನಾನು ಇವತ್ತಿಗೂ ನಂಬಿಲ್ಲ. ಅವತ್ತಂತೂ ಕತ್ತರಿ ತಳ್ಳಿದ ಪಟ್ಟಿಗಳೆಲ್ಲ ನನ್ನ ಮಡಿಲಿಗೆ ಬಿದ್ದವು. ಬಿದ್ದ ಬಿದ್ದ ಹಾಗೆ ಬಟ್ಟೆಯವರನ್ನು ಕರೆದು ಕೈಗೆ ಕೊಟ್ಟೆ. ಕೆಲವರು ಹರಸಿದರು, ಕೆಲವರು ಇದರಲ್ಲಿ ಇನ್ನೇನು ಮಸಲತ್ತಿದೆಯೋ ಎಂದು ಪಟ್ಟಿಯನ್ನು ಬೆಳಕಿಗೆ ಹಿಡಿದು ನೋಡಿದರು. ನಾಲ್ಕನೇ ದಿನ ಹಾಲಿನವಳು ಒಂದು ಮಣೆ ತಂದು ತನ್ನ ಪಾವಿನ ಪಕ್ಕ ಕೂತಳು.

ಮದುವೆಗೆ ಮೂರು ದಿನ ಇರುವಾಗ ಕೆಂಪಮ್ಮ ಬಂದಳು. ಸಾಲಿನಲ್ಲಿ ನಿಲ್ಲದೆ ನೇರವಾಗಿ ನನ್ನ ಮುಂದೆ ಬಂದು, ಅವತ್ತು ಕತ್ತರಿಸಿದ್ದ ಹಸಿರು ತುಂಡುಗಳನ್ನು ಮೇಜಿನ ಮೇಲಿಟ್ಟಳು. ಪಟ್ಟಿಯನ್ನು ಮಾತ್ರ ಕೈಯಲ್ಲೇ ಹಿಡಿದಿದ್ದಳು. “ಇದು ಸೇರಿಸಿದ್ರೆ ಗೊತ್ತಾಗುತ್ತಾ?” ಎಂದು ಕೇಳಿದಳು. “ಕೆಂಪು ಅಂಚು ಮಡಚಿ ಹೊಲಿದ್ರೆ ಗೊತ್ತಾಗಲ್ಲ,” ಅಂದೆ. ಸೂಜಿಗೆ ದಾರ ಪೋಣಿಸಿದೆ. ಮಷೀನು ಬೇಡ, ಕೈಯಲ್ಲೇ ಹೊಲಿಯಬೇಕು ಅನ್ನಿಸಿತು.

“ಮನೇಲಿ ಇನ್ನೂ ಹದಿನೇಳು ರವಿಕೆ ಇವೆ,” ಅಂದಳು ಕೆಂಪಮ್ಮ. “ಎಲ್ಲಾ ಗಿಡ್ಡ ತೋಳಿನವು.”

“ತಗೊಂಡು ಬಾ,” ಅಂದೆ. ಕಾಲಿನಿಂದ ಟ್ರಂಕಿನ ಮುಚ್ಚಳ ಎತ್ತಿದೆ. ಇಷ್ಟು ವರ್ಷದ ಬಣ್ಣಗಳೆಲ್ಲ ಅದರಲ್ಲಿ ಮಡಿಸಿದ ಹಾಗೆಯೇ ಇದ್ದವು. ಅವಳ ಕುಂಕುಮ ಬಣ್ಣದ್ದು, ಅವಳ ಬದನೆ ಬಣ್ಣದ್ದು ಮೇಲೆಯೇ ಕಾಣುತ್ತಿದ್ದವು. ಅವಳೂ ಗುರುತು ಹಿಡಿದಳು.

ಹಾಲಿನವಳಿಂದ ಮಣೆ ಕೇಳಿ ತಂದು ನನ್ನ ಎದುರಿಗೆ ಹಾಕಿಕೊಂಡು ಕೂತಳು. ಮೇಜಿನ ಮೇಲೆ ಕತ್ತರಿ ಯಾರದೋ ಬಟ್ಟೆಯನ್ನು ತಾನೇ ಕತ್ತರಿಸುತ್ತಿತ್ತು. ಕೆಂಪಮ್ಮ ಅದರ ಕಡೆ ಒಮ್ಮೆಯೂ ತಿರುಗಿ ನೋಡಲಿಲ್ಲ. ತೋಳು ಹೊಲಿದು ಮುಗಿಯುವ ತನಕ, ರೆಪ್ಪೆ ಬಡಿಯದೆ, ನನ್ನ ಕೈಯನ್ನೇ ನೋಡುತ್ತ ಕೂತಿದ್ದಳು.